ಅಮ್ಮ ಮುಟ್ಟದ ಬಾಗಿಲು

ದೂರು ಠಾಣೆಗೆ ಬಂದದ್ದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ದಪ್ಪ ಲಕೋಟೆಯಲ್ಲಿ, ಸಿದ್ಧ ಉಡುಪು ಕಾರ್ಖಾನೆಯ ಮ್ಯಾನೇಜರನ ಕೈಯಲ್ಲಿ. ಸಾಮಾನ್ಯವಾಗಿ ದೂರು ಕೊಡಲು ಬಂದವರು ಅಳುತ್ತಾರೆ, ಇಲ್ಲವೇ ಬೈಯುತ್ತಾರೆ, ಅದೂ ಇಲ್ಲದಿದ್ದರೆ ಹಾಳೆ ಪೆನ್ನು ಕೇಳುತ್ತಾರೆ. ಈ ಮಹಾಶಯ ಕರ್ಚೀಫಿನಿಂದ ಕುರ್ಚಿ ಒರೆಸಿಕೊಂಡು ಕೂತ.

ಇನ್ಸ್‌ಪೆಕ್ಟರ್ ಕಾಗದ ಬಿಡಿಸಿ ಓದಿದಳು. ಸೋಮವಾರ ಮಧ್ಯಾಹ್ನ ಸುಮಾರು ಮೂರು ಗಂಟೆಗೆ, ಗುಂಡಿ ಹೊಲಿಯುವ ವಿಭಾಗದ ಕಾರ್ಮಿಕಳೊಬ್ಬಳು, ಬಟ್ಟೆ ಕದ್ದದ್ದಕ್ಕೆ ಎಚ್ಚರಿಕೆ ಕೊಟ್ಟ ದ್ವೇಷದಿಂದ, ಹಿಂಬದಿಯ ಇಸ್ತ್ರಿ ಕೋಣೆಗೆ ಉದ್ದೇಶಪೂರ್ವಕವಾಗಿ ಬೆಂಕಿ ಹಚ್ಚಿದ್ದಾಳೆ. ಸ್ಥಳ, ಸಮಯ, ಕಾರಣ, ಉದ್ದೇಶ, ಯಾವುದಕ್ಕೂ ಕೊರತೆಯಿರಲಿಲ್ಲ.

"ಯಾರು ಬರೆದಿದ್ದು?"

"ನಾನೇ ಮೇಡಂ."

"ಚೆನ್ನಾಗಿ ಬರೀತೀರ. ನಮ್ಮ ರೈಟರ್‌ಗೂ ಹೀಗೆ ಬರಲ್ಲ."

ಮ್ಯಾನೇಜರ್ ಹಲ್ಲು ಬಿಟ್ಟ. ಅದು ಹೊಗಳಿಕೆಯಲ್ಲ ಎಂದು ಅವನಿಗೆ ತಿಳಿಯಲಿಲ್ಲ. ಇನ್ಸ್‌ಪೆಕ್ಟರಿಗೂ ಆಗ ಅದು ಬರೀ ಒಂದು ಮಾತು, ಅಷ್ಟೇ.

ಪಕ್ಕದ ಮೇಜಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಇನ್ನೊಂದು ಕೇಸಿನ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದು, ಪ್ರಯೋಗಾಲಯಕ್ಕೆ ಕಳಿಸಲು ಕಟ್ಟುತ್ತಿದ್ದ. ಕಟ್ಟುವಷ್ಟು ಹೊತ್ತೂ ಬಾಯಿ ನಡೆದೇ ಇತ್ತು. ಅದಕ್ಕೇ ಠಾಣೆಯಲ್ಲಿ ಎಲ್ಲರೂ ಅವನನ್ನು ರೇಡಿಯೊ ಎನ್ನುತ್ತಿದ್ದದ್ದು. "ತರಬೇತಿಯಲ್ಲಿ ನಮ್ಮ ಮೇಷ್ಟ್ರು ಕಲಿಸಿದ ಈ ಗಂಟು ಇದೆಯಲ್ಲ ಮೇಡಂ, ಕಟ್ಟೋರ ಬೆರಳು ಮುರಿಯೋಕೇ ಕಂಡುಹಿಡಿದದ್ದು. ಮೂರು ಸುತ್ತು ಸುತ್ತಬೇಕು, ಬಾಲ ಒಳಗೆ ತೂರಿಸ್ಬೇಕು, ಕಾಣಬಾರದು. ದಿನಸಿ ಅಂಗಡಿಯವರ ಹಾಗೆ ಒಂದು ಗಂಟು ಹಾಕಿದ್ರೆ ಏನು ಕೊಳ್ಳೆ ಹೋಗುತ್ತೆ?"

"ಬಿಚ್ಚಿ ಮತ್ತೆ ಕಟ್ಟಿದ್ರೆ ಯಾರಿಗೂ ಗೊತ್ತಾಗಲ್ಲ, ಅದೇ ಕೊಳ್ಳೆ ಹೋಗೋದು. ಬಾಯಿ ಮುಚ್ಕೊಂಡು ಕಟ್ಟು."

ಎಫ್‌ಐಆರ್ ದಾಖಲಾಯಿತು. ಆರೋಪಿ ಒಬ್ಬಳೇ. ಕಾರ್ಖಾನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಗುಂಡಿ ಅಕ್ಕ ಎಂದು. ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದಳು. ಆರೋಪ ಗಟ್ಟಿಯಾದರೆ ಆಸ್ಪತ್ರೆಯಿಂದ ನೇರ ಜೈಲಿಗೆ. ಪರಿಹಾರದ ಮಾತೇ ಇಲ್ಲ, ಕೆಲಸವೂ ಇಲ್ಲ.

ಆ ಕಾರ್ಖಾನೆಯನ್ನು ಅರಿಯದವರು ಊರಲ್ಲಿ ಇರಲಿಲ್ಲ. ಗೇಟಿನಲ್ಲೇ ದೊಡ್ಡ ಬೋರ್ಡು: 'ಇಲ್ಲಿ ಯಾವ ಬಾಗಿಲಿಗೂ ಬೀಗವಿಲ್ಲ. ನಾವು ನಮ್ಮವರನ್ನು ನಂಬುತ್ತೇವೆ.' ಮಕ್ಕಳನ್ನು ಬಿಡಲು ಕೂಸಿನ ಮನೆ, ಹೊಲಿಯುವವರಿಗೆಲ್ಲ ಪುಕ್ಕಟೆ ಕನ್ನಡಕ, ಬೀದಿಯ ಶಾಲೆಗೆ ಹೊಸ ಚಾವಣಿ, ಎಲ್ಲ ಅವರದೇ. ಒಡತಿಯನ್ನು ಕೆಲಸದವರು ಅಮ್ಮ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅಮ್ಮ ಇಡೀ ಕಟ್ಟಡ ಸುತ್ತಿ, ಹೊರಹೋಗುವ ಪ್ರತಿಯೊಂದು ಬಾಗಿಲನ್ನೂ ತಾವೇ ಕೈಯಿಟ್ಟು ತಳ್ಳಿ ತೆರೆದು ನೋಡುವ ಪದ್ಧತಿ ಇತ್ತು. ಆ ಫೋಟೊ ಪತ್ರಿಕೆಗಳಲ್ಲಿ ಬಂದಿತ್ತು. ನೈತಿಕ ನಾಯಕತ್ವಕ್ಕೆಂದು ಪ್ರಶಸ್ತಿಯೂ ಬಂದಿತ್ತು. ಆ ಸಮಾರಂಭದಲ್ಲಿ ಇನ್ಸ್‌ಪೆಕ್ಟರೇ ವೇದಿಕೆ ಹತ್ತಿ, "ಎಲ್ಲ ಕಾರ್ಖಾನೆಗಳೂ ಹೀಗಿದ್ದರೆ ನಾನು ಠಾಣೆ ಮುಚ್ಚಿ ಮನೆಗೆ ಹೋಗಬಹುದು" ಎಂದು ಚಪ್ಪಾಳೆ ಗಿಟ್ಟಿಸಿದ್ದಳು.

ಮಧ್ಯಾಹ್ನ ಹನ್ನೆರಡಕ್ಕೆ ಅವಳೂ ರೇಡಿಯೊನೂ ಸ್ಥಳಕ್ಕೆ ಹೋದಾಗ ಗೇಟಿನಲ್ಲಿ ಎದುರುಗೊಂಡವರು ಮೇಷ್ಟ್ರು. ಇಲಾಖೆಯಲ್ಲಿ ಇಪ್ಪತ್ತು ತಂಡಗಳಿಗೆ ತನಿಖೆ ಕಲಿಸಿ ನಿವೃತ್ತರಾದವರು, ಈಗ ಇಲ್ಲಿ ಭದ್ರತಾ ಮುಖ್ಯಸ್ಥರು. ಅದೇ ನೆಟ್ಟಗಿನ ಬೆನ್ನು, ಅದೇ ಗರಿಗರಿ ಅಂಗಿ. ಎಡಗೈಗೆ ಬ್ಯಾಂಡೇಜು.

"ಬಾ ಮಗೂ. ನೀನೇ ಬರ್ತೀಯ ಅಂತ ಗೊತ್ತಿತ್ತು."

ಇನ್ಸ್‌ಪೆಕ್ಟರಿಗೆ ತವರಿಗೆ ಬಂದಷ್ಟು ಹಾಯೆನಿಸಿತು. ತರಬೇತಿಯಲ್ಲಿ ಮೊದಲ ಹೆಣ ಕಂಡು ಅವಳು ಧೊಪ್ಪನೆ ಬಿದ್ದಾಗ, ಉಳಿದವರು ನಗುತ್ತಿರುವಾಗ, ಮುಖಕ್ಕೆ ನೀರು ಹಾಕಿ ಎಬ್ಬಿಸಿ, "ನೋಡಿ ಬೀಳೋದು ತಪ್ಪಲ್ಲ, ಬಿದ್ದು ನೋಡದೇ ಇರೋದು ತಪ್ಪು" ಎಂದು ಮತ್ತೆ ಹೆಣದ ಮುಂದೆ ನಿಲ್ಲಿಸಿದವರು ಇವರೇ. ಅಪ್ಪ ತೀರಿಕೊಂಡ ಮೇಲೆ ಅವಳು ಕಷ್ಟಸುಖ ಹೇಳಿಕೊಂಡದ್ದು ಇವರ ಹತ್ತಿರವೇ.

ಇಸ್ತ್ರಿ ಕೋಣೆ ಕಪ್ಪಾಗಿತ್ತು. ಬಟ್ಟೆ ಸುರುಳಿಗಳು ಅರ್ಧ ಸುಟ್ಟು, ಅರ್ಧ ನೆನೆದು ಬಿದ್ದಿದ್ದವು. ಮುಂಬದಿಗೆ ಒಂದು ಹಜಾರ, ಹಿಂಬದಿಗೆ ಒಂದು ಕಬ್ಬಿಣದ ಬಾಗಿಲು. ಬಾಗಿಲು ತೆರೆದಿತ್ತು. ಗೋಡೆಯುದ್ದಕ್ಕೂ ಕೆಂಪು ಮರಳಿನ ಬಕೆಟ್ಟುಗಳು.

"ಇಸ್ತ್ರಿ ಹೆಂಗಸರು ಮುಂದಿನಿಂದ ಓಡಿದ್ರು," ಎಂದರು ಮೇಷ್ಟ್ರು. "ಸುರುಳಿ ಬಿದ್ದು ದಾರಿ ಕಟ್ಟಿತು. ಗುಂಡಿ ಅಕ್ಕ ಒಳಗೇ ಉಳಿದ್ಲು. ನಾನು ಒದ್ದೆ ಕಂಬಳಿ ಹೊದ್ದು ಹೋಗಿ ಹೊತ್ಕೊಂಡು ಬಂದೆ."

"ಈ ಬಾಗಿಲಿಂದ ಯಾಕೆ ಹೋಗ್ಲಿಲ್ಲ ಅವಳು?"

"ಗಾಬರಿ. ಬೆಂಕಿ ಹಚ್ಚೋರಿಗೆ ಬೆಂಕಿ ಇಷ್ಟು ಬೇಗ ಹಬ್ಬುತ್ತೆ ಅಂತ ಗೊತ್ತಿರಲ್ಲ. ಪಂಚನಾಮೆ ಬರಿ, ಬೀಗ ಇಲ್ಲ ಅನ್ನೋದನ್ನ ಮರೀಬೇಡ."

ಅವಳು ಚಿಲಕ ನೋಡಿದಳು, ಬೀಗ ಹಾಕುವ ಕೊಂಡಿ ನೋಡಿದಳು. ಬೀಗದ ಗುರುತೇ ಇಲ್ಲ. ಪಂಚರ ಎದುರು ಬರೆಸಿದಳು: 'ಹಿಂಬದಿಯ ಬಾಗಿಲಿಗೆ ಬೀಗ ಕಂಡುಬಂದಿರುವುದಿಲ್ಲ.' ಗುರುಗಳ ಮುಂದೆ ಪಾಠ ಒಪ್ಪಿಸಿದ ಸಂತೋಷವೂ ಆಯಿತು, ಸುಳ್ಳೇಕೆ.

ಬುಧವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದಳು. ಗುಂಡಿ ಅಕ್ಕನ ಎರಡು ಕೈಗೂ ಮೊಣಕೈವರೆಗೆ ಬ್ಯಾಂಡೇಜು. ತಂಗಿ ಪಕ್ಕದಲ್ಲಿ ಕೂತು ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಪೊಲೀಸರನ್ನು ಕಂಡದ್ದೇ ತಂಗಿಯ ಮುಖ ಬಿಗಿಯಿತು.

"ಕಳ್ಳಿ ಅಂದ್ರು, ಈಗ ಬೆಂಕಿ ಹಚ್ದೋಳು ಅಂತಿದ್ದಾರೆ. ನಮ್ಮಕ್ಕ ಒಂದು ಸೂಜಿ ಮನೆಗೆ ತಂದವಳಲ್ಲ. ಇನ್ನೇನು ಉಳಿದಿದೆ ಹೇಳೋಕೆ?"

"ಸುಮ್ನಿರೇ," ಎಂದಳು ಗುಂಡಿ ಅಕ್ಕ. ಹೊಗೆ ಕುಡಿದ ಗಂಟಲು ಕರಕರ ಎನ್ನುತ್ತಿತ್ತು.

"ಆ ಕೋಣೆಗೆ ಯಾಕೆ ಹೋಗಿದ್ದೆ?"

"ಇಸ್ತ್ರಿ ಆದ ಅಂಗಿ ತರೋಕೆ. ಗುಂಡಿ ಹಾಕೋದಿತ್ತು."

"ಬೆಂಕಿ ಎಲ್ಲಿ ಕಾಣಿಸ್ತು?"

"ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿನ ಹತ್ರ. ಚಟಚಟ ಅಂತು."

"ಹಿಂದಿನ ಬಾಗಿಲಿಗೆ ಹೋದ್ಯಾ?"

"ಹೋದೆ. ತೆಗೀಲಿಲ್ಲ."

"ಬೀಗ ಇತ್ತಾ?"

"ಇಲ್ಲ ಮೇಡಂ. ಬೀಗ ನಮ್ಮಲ್ಲಿ ಇಲ್ವೇ ಇಲ್ಲ. ಆದ್ರೂ ತೆಗೀಲಿಲ್ಲ. ಹೊಗೆಯಲ್ಲಿ ಕಣ್ಣು ಕಾಣದು. ಚಿಲಕದ ಹತ್ರ ಏನೋ ಸಣ್ಣಗೆ ಕೈಗೆ ಸಿಕ್ತು, ಕೆಂಡದ ಹಾಗೆ. ಎಳೆದೆ, ಎಳೆದೆ..." ಅಲ್ಲಿಗೆ ನಿಲ್ಲಿಸಿದಳು. ಆಮೇಲೆ ಏನೋ ನೆನಪಾದವಳಂತೆ, "ಮೇಷ್ಟ್ರು ಬರದಿದ್ರೆ ಸತ್ತೇ ಹೋಗ್ತಿದ್ದೆ. ಪುಣ್ಯಾತ್ಮ, ಮಗೂನ ಎತ್ಕೊಂಡ ಹಾಗೆ ಎತ್ಕೊಂಡು ಬಂದ್ರು. ನನಗೆ ಕೈ ಎತ್ತೋಕಾಗಲ್ಲ. ಅವರು ಸಿಕ್ಕಿದ್ರೆ ನನ್ನ ಪರವಾಗಿ ನೀವೇ ಒಂದು ನಮಸ್ಕಾರ ಹೇಳ್ಬಿಡಿ ಮೇಡಂ."

ಹೊರಗೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಅಂಗೈ ಸುಟ್ಟದ್ದು ಸರಿ, ಆದರೆ ಎರಡೂ ಕೈಯ ಬೆರಳುಗಳಿಗೆ ಅಡ್ಡಲಾಗಿ ಸಣ್ಣ ಗೆರೆಯ ಹಾಗೆ ಆಳವಾಗಿ ಕೊಯ್ದಿದೆ, ಸುಟ್ಟೂ ಇದೆ. ಬಿಸಿ ತಂತಿಯನ್ನು ಜಗ್ಗಿದರೆ ಹಾಗಾಗುತ್ತದೆ. ಮತ್ತೆ ಸೂಜಿ ಹಿಡಿಯುವುದು ಕಷ್ಟ.

ಠಾಣೆಗೆ ಬರುವಷ್ಟರಲ್ಲಿ ವಿದ್ಯುತ್ ಪರಿವೀಕ್ಷಕರ ಫೋನು ಬಂತು. ಇಸ್ತ್ರಿ ಪೆಟ್ಟಿಗೆಯ ವೈರು ಸವೆದು ಪ್ಲಗ್ಗಿನಲ್ಲೇ ಕರಗಿತ್ತು, ಬೆಂಕಿ ಹತ್ತಿದ್ದು ಅಲ್ಲಿಂದಲೇ. ಯಾರೂ ಹಚ್ಚಿದ್ದಲ್ಲ.

"ಅಂದ್ರೆ ದೂರೇ ಸುಳ್ಳು!" ಎಂದ ರೇಡಿಯೊ. "ಎಂಥಾ ಜನ ಮೇಡಂ! ಸುಟ್ಟ ಗಾಯಕ್ಕೆ ಉಪ್ಪು ಹಾಕಿದ ಹಾಗೆ."

"ಜೀಪ್ ತೆಗಿ."

ಈ ಸಲ ಅವಳು ಯಾರಿಗೂ ಹೇಳದೆ ಹಿಂಬದಿಯಿಂದ ಹೋದಳು. ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬೀಗವನ್ನು ಹುಡುಕುವುದು ಬಿಟ್ಟು ಸುಮ್ಮನೆ ನೋಡಿದಳು. ಚಿಲಕದ ಹಿಡಿಗೂ ಪಕ್ಕದ ಕೊಂಡಿಗೂ ಮಸಿಯ ನಡುವೆ ಸಣ್ಣ ಬಿಳಿ ಉಂಗುರ. ಬೆಂಕಿಯ ಹೊತ್ತಿನಲ್ಲಿ ಅಲ್ಲಿ ಏನೋ ಸುತ್ತಿಕೊಂಡಿತ್ತು, ಆಮೇಲೆ ಯಾರೋ ತೆಗೆದಿದ್ದಾರೆ. ಅದನ್ನು ಎಲ್ಲಿ ಹಾಕಿದರು? ಸುತ್ತ ಕಣ್ಣಾಡಿಸಿದಳು. ಮರಳಿನ ಬಕೆಟ್ಟುಗಳೆಲ್ಲ ಬರಿದು, ಮಗುಚಿ ಬಿದ್ದಿದ್ದವು. ಬಾಗಿಲ ಪಕ್ಕದ್ದೊಂದು ಮಾತ್ರ ತುಂಬಿತ್ತು, ಮೇಲೆ ಯಾರೋ ಅಂಗೈಯಲ್ಲಿ ಸವರಿ ಸಮ ಮಾಡಿದ್ದರು. ನಿನ್ನೆ ಮೇಷ್ಟ್ರು ಜೊತೆಯಲ್ಲಿದ್ದಾಗ ಇದು ಕಣ್ಣಿಗೇ ಬಿದ್ದಿರಲಿಲ್ಲ.

"ಪಂಚರನ್ನ ಕರಿ. ಆಮೇಲೆ ಇದನ್ನ ಸುರಿ."

ರೇಡಿಯೊ ಪಂಚರನ್ನು ಕೂಗಿ ಕರೆದು, ಅವರು ಬರುವ ಮೊದಲೇ ಸುರಿದ. ಮರಳಿನ ಜೊತೆ ಕಪ್ಪಾದ ತಂತಿಯ ಕುಣಿಕೆಯೊಂದು ಬಿತ್ತು. ಒಂದು ಕಡೆ ಇಕ್ಕಳದಲ್ಲಿ ಕತ್ತರಿಸಿದ್ದರು. ಇನ್ನೊಂದು ಕಡೆ ಗಂಟು ಹಾಗೇ ಇತ್ತು. ಮೂರು ಸುತ್ತು. ತುದಿ ಒಳಗೆ ತೂರಿ ಕಾಣದಂತಾಗಿತ್ತು.

ರೇಡಿಯೊ ಬಗ್ಗಿ ನೋಡಿದ. "ಮೇಡಂ... ಇದು ನಮ್ಮ ಗಂಟು."

"ಗೊತ್ತು."

"ಇದು ಮೇಷ್ಟ್ರ..."

"ಗೊತ್ತು ಅಂದೆನಲ್ಲ!"

ಅಂಗೈಯಲ್ಲಿ ಆ ತಂತಿ ಹಿಡಿದು ಅವಳು ನಿಂತೇ ಇದ್ದಳು. ಬೀಗವಿಲ್ಲ ಎಂದು ಬರಿ ಎಂದವರು ಇವರು. ಅವರಂದ ಹಾಗೆ ಬರೆದವಳು ತಾನು. ಬೇಲಿಯೇ ಎದ್ದು ಹೊಲ ಮೇಯುವಾಗ ತಾನು ಪಕ್ಕದಲ್ಲಿ ನಿಂತು ಹೊಲ ಹಸಿರಾಗಿದೆ ಎಂದು ಪಂಚನಾಮೆ ಬರೆಸಿದ್ದಳು. ಪಂಚರು ಅಂಗಳದ ಆಚೆ ಇನ್ನೂ ಚಪ್ಪಲಿ ಮೆಟ್ಟುತ್ತಿದ್ದರು. ತಂತಿಯನ್ನು ಜೇಬಿಗೆ ಹಾಕಿಕೊಂಡರೆ ಕೇಳುವವರಿಲ್ಲ. ರೇಡಿಯೊ ಕೂಡ, ಆ ವಾಚಾಳಿ ಕೂಡ, ಮುಖ ಬೇರೆ ಕಡೆ ತಿರುಗಿಸಿ ನಿಂತಿದ್ದ. ಅವಳಿಗೆ ಬ್ಯಾಂಡೇಜಿನ ಎರಡು ಕೈ ನೆನಪಾಯಿತು.

"ಬರ್ಕೋ," ಎಂದಳು. "ಬಕೆಟ್ಟಿನ ಮರಳಿನಲ್ಲಿ ಒಂದು ತಂತಿ."

ಮೇಷ್ಟ್ರ ಕೋಣೆ ಗೇಟಿನ ಪಕ್ಕದಲ್ಲಿತ್ತು. ಕಾವಲಿನವನು ಅವರಿಗೆ ಸೆಲ್ಯೂಟ್ ಹೊಡೆದು ಅವಳನ್ನು ಒಳಗೆ ಬಿಟ್ಟ. ಅವಳು ತಂತಿಯನ್ನು ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಹಾಕಿ ನೋಡಿ, ಕನ್ನಡಕ ತೆಗೆದರು.

"ಗಂಟು ಬಿಚ್ಚೋಕೆ ಹೊತ್ತಿರಲಿಲ್ಲ," ಎಂದರು.

"ಯಾಕೆ ಕಟ್ಟಿದ್ರಿ ಸಾರ್?"

"ಹಿಂದಿನಿಂದ ಬಟ್ಟೆ ಹೋಗ್ತಿತ್ತು. ಯಾರಾದ್ರೂ ಬಿಚ್ಚಿದ್ರೆ ಗೊತ್ತಾಗ್ಲಿ ಅಂತ."

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಾನೇ."

"ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ."

"ದೂರು ಬರೆದಿದ್ದು?"

ಅವರು ಕನ್ನಡಕ ಮಡಚಿ ಜೇಬಿಗೆ ಹಾಕಿದರು.

"ಅಷ್ಟು ಚೆಂದದ ದೂರು ಬರಿಯೋಕೆ ನನಗೆ ಕಲಿಸಿದವರು ಒಬ್ಬರೇ ಸಾರ್. ಬೆಂಕಿಗೆ ಹಾರಿ ಅವಳನ್ನ ಹೊತ್ತು ತಂದ್ರಿ. ಅದೇ ಕೈಯಲ್ಲಿ ಅವಳ ಮೇಲೆ ದೂರು ಬರೆದ್ರಿ. ಹೇಗೆ ಬಂತು ಸಾರ್ ಮನಸ್ಸು?"

ಕಿಟಕಿಯಾಚೆ ನೋಡುತ್ತ ಮೇಷ್ಟ್ರು ಮೆಲ್ಲಗೆ ಹೇಳಿದರು: "ಅವಳು ಬದುಕಲ್ಲ ಅಂದ್ಕೊಂಡೆ. ಸತ್ತವರಿಗೆ ಕೇಸಿನಿಂದ ಏನು ನಷ್ಟ ಅಂತ..."

ಅವಳಿಗೆ ಕೂಗಬೇಕೆನಿಸಿತು. ಕೂಗಲಿಲ್ಲ. ಅಷ್ಟು ವರ್ಷ 'ಸಾರ್' ಎಂದ ಬಾಯಿ ಕೂಗಲು ಒಪ್ಪಲಿಲ್ಲ. ಬಾಗಿಲಲ್ಲಿ ರೇಡಿಯೊನನ್ನು ಕೂರಿಸಿ ಎದ್ದು ಹೊರಟಳು.

ಕ್ಯಾಂಟೀನಿನಲ್ಲಿ ಇಸ್ತ್ರಿ ವಿಭಾಗದ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಎಲ್ಲರಿಗಿಂತ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವಳ ನಾಲಿಗೆ ಇಸ್ತ್ರಿ ಪೆಟ್ಟಿಗೆಗಿಂತ ಬಿಸಿ.

"ತಂತಿ ನಿಮಗೆ ಗೊತ್ತಿತ್ತಾ?"

"ಇಸ್ತ್ರಿಯವರಿಗೆ ಗೊತ್ತಿತ್ತು. ಗುಂಡಿಯವಳಿಗೆ ಪಾಪ ಏನು ಗೊತ್ತು?"

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಯಾರಿಗೆ ಹೇಳೋದಮ್ಮ? ಗೇಟಲ್ಲಿ ಬೀಗ ಇಲ್ಲ ಅಂತ ಬೋರ್ಡು. ಒಳಗೆ ಬಾಗಿಲು ತೆಗಿಯಲ್ಲ ಅಂದ್ರೆ ಯಾರು ನಂಬ್ತಾರೆ? ನೀನು ನಂಬ್ತಿದ್ಯಾ? ಸ್ಟೇಜು ಹತ್ತಿ ಠಾಣೆ ಮುಚ್ತೀನಿ ಅಂದೋಳು ನೀನೇ ಅಲ್ವಾ?"

ಇನ್ಸ್‌ಪೆಕ್ಟರ್ ತಲೆ ತಗ್ಗಿಸಿದಳು.

"ಅಮ್ಮ ದಿನಾ ಬಾಗಿಲು ಮುಟ್ತಾರಲ್ಲ ದೊಡ್ಡಮ್ಮ. ಅವರಿಗೆ ಗೊತ್ತಾಗ್ಲಿಲ್ವಾ?"

ಹೆಂಗಸರು ಮುಖ ಮುಖ ನೋಡಿಕೊಂಡರು. ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎಲ್ಲಾ ಬಾಗಿಲೂ ಮುಟ್ತಾರೆ. ನಮ್ಮ ಕೋಣೆಗೆ ಬರ್ತಾರೆ, ತಿಂಡಿ ಆಯ್ತಾ ಅಂತಾರೆ, ಆ ಬಾಗಿಲ ಹತ್ರ ಹೋಗೋ ಹೊತ್ತಿಗೆ ಸರಿಯಾಗಿ ಅವರಿಗೆ ಫೋನು ಬರುತ್ತೆ. ಮಾತಾಡ್ತಾ ಹಾಗೇ ಹಿಂದಕ್ಕೆ ಹೋಗ್ತಾರೆ. ತಂತಿ ಬಂದಾಗಿನಿಂದ ದಿನಾ ಅಲ್ಲೇ ಫೋನು."

ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೂರಿಸಿ ಹೇಳಿಕೆ ಬರೆಸಿಕೊಂಡಾಗಲೂ ಎಲ್ಲರೂ ಹೇಳಿದ್ದು ಅದನ್ನೇ.

ಒಡತಿಯ ಕೋಣೆ ಮೇಲ್ಮಹಡಿಯಲ್ಲಿತ್ತು. ಗೋಡೆಯ ಮೇಲೆ ಬಾಗಿಲು ತಳ್ಳುತ್ತಿರುವ ಆ ದೊಡ್ಡ ಫೋಟೊ. ವಿಷಯ ಕೇಳಿ ಅವರು ಹಣೆಗೆ ಕೈಯಿಟ್ಟುಕೊಂಡರು.

"ನಂಬಿದವರೇ ಹೀಗೆ ಮಾಡಿದ್ರಲ್ಲ! ಇದು ನಮ್ಮ ಮೌಲ್ಯಗಳಿಗೆ ಬಗೆದ ದ್ರೋಹ. ಅವರನ್ನ ಈಗಲೇ ಕೆಲಸದಿಂದ ತೆಗೀತೀನಿ. ಆ ಹುಡುಗಿಯ ಖರ್ಚೆಲ್ಲ ನಮ್ಮದು."

"ನಿನ್ನೆ ಅವಳ ಮೇಲೆ ದೂರು ಕೊಟ್ಟಾಗ ಅದೂ ಮೌಲ್ಯವೇ ಇತ್ತಾ?"

"ಮ್ಯಾನೇಜರ್ ಕೊಟ್ಟದ್ದು. ನನಗೆ ವಿವರ ಗೊತ್ತಿಲ್ಲ."

"ನೀವು ದಿನಾ ಎಲ್ಲ ಬಾಗಿಲನ್ನೂ ತಳ್ಳಿ ನೋಡ್ತೀರ."

"ಹೌದು. ಒಂದು ದಿನವೂ ತಪ್ಪಿಸಿಲ್ಲ."

"ಎಲ್ಲ ಬಾಗಿಲು?"

"ಎಲ್ಲ."

"ಸೋಮವಾರ ಬೆಳಿಗ್ಗೆಯೂ?"

"ಹೌದು."

"ಹಾಗಾದ್ರೆ ತಂತಿ ಕಟ್ಟಿದ ಬಾಗಿಲು ನಿಮ್ಮ ಕೈಗೆ ತೆರೀತಾ?"

ಮುಟ್ಟಿದೆ ಎಂದರೆ ತಂತಿ ಕಂಡಿರಬೇಕು. ಮುಟ್ಟಲಿಲ್ಲ ಎಂದರೆ ಗೋಡೆಯ ಫೋಟೊ ಸುಳ್ಳು. ಒಡತಿ ಫೋನು ಕೈಗೆತ್ತಿಕೊಂಡು, "ನನ್ನ ವಕೀಲರನ್ನ ಕರೀತೀನಿ" ಎಂದರು.

"ಕರೀರಿ. ಠಾಣೆಗೇ ಬರೋಕೆ ಹೇಳಿ."

ಸಂಜೆ ನಾಲ್ಕೂಮುಕ್ಕಾಲಿಗೆ ಮೇಷ್ಟ್ರು, ಒಡತಿ ಇಬ್ಬರನ್ನೂ ಬಂಧಿಸಿ ಕರೆತಂದರು. ಪ್ರಾಣಾಪಾಯ ತರುವ ನಿರ್ಲಕ್ಷ್ಯ, ಸಾಕ್ಷ್ಯ ಮುಚ್ಚಿಟ್ಟದ್ದು, ಸುಳ್ಳು ದೂರು. ದೂರಿಗೆ ಸಹಿ ಹಾಕಿದ ಮ್ಯಾನೇಜರನ ಹೆಸರೂ ಸೇರಿತು. ಗುಂಡಿ ಅಕ್ಕನ ಹೆಸರನ್ನು ಆರೋಪದಿಂದ ಕೈಬಿಡುವ ವರದಿ ನ್ಯಾಯಾಲಯಕ್ಕೆ ಹೋಯಿತು. "ಹೇಳೋದು ಶಾಸ್ತ್ರ, ಹಾಕೋದು ಗಾಳ," ಎಂದು ರೇಡಿಯೊ ಒಡತಿಯ ಕಾರು ನೋಡಿ ಗೊಣಗಿದ.

ಮೇಷ್ಟ್ರು ಅವಳ ಮೇಜಿನ ಎದುರು ಕೂತರು. ಹೀಗೆ ಎದುರಿಗೆ ಕೂರುವುದು ಅವರಿಗೆ ಹೊಸದು.

"ಅಮ್ಮ ಏನಂದ್ರು ನನ್ನ ಬಗ್ಗೆ?"

"ನಂಬಿದವರೇ ದ್ರೋಹ ಮಾಡಿದ್ರು ಅಂದ್ರು."

ಅವರು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಸರಿ, ಬರ್ಕೋ. ಅವರು ಬೀಗ ಹಾಕು ಅನ್ನಲಿಲ್ಲ. 'ಬೀಗ ಕಾಣಬಾರದು, ಬಟ್ಟೆಯೂ ಹೋಗಬಾರದು. ನೀವು ಅನುಭವಸ್ಥರು, ನಾನು ಏನೂ ಕೇಳಲ್ಲ' ಅಂದ್ರು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಕೋಲು ನಾನಾದೆ."

"ಹೀಗೆ ಮಾಡಬಾರದು ಅಂತ ನಿಮಗೆ ಗೊತ್ತಿರಲಿಲ್ವಾ ಸಾರ್?"

"ನಿನಗೆ ಕಲಿಸಿದ್ದೇ ನಾನು, ಗೊತ್ತಿಲ್ಲದೆ ಇರುತ್ತಾ? ನಿವೃತ್ತಿಯಾದ ವಾರದಲ್ಲೇ ಮಾರ್ಕೆಟ್ಟಿನಲ್ಲಿ ಒಬ್ಬ ಪಡ್ಡೆ ಹುಡುಗ 'ಏಯ್ ಮುದುಕ, ಪಕ್ಕಕ್ಕೆ ಸರಿ' ಅಂದ. ಸರಿದು ನಿಂತೆ. ಮನೆಗೆ ಬಂದು ಊಟ ಸೇರಲಿಲ್ಲ. ಅಮ್ಮ ಕುರ್ಚಿ ಕೊಟ್ರು, ಗೇಟಿನಲ್ಲಿ ಸೆಲ್ಯೂಟ್ ಕೊಡಿಸಿದ್ರು. ಅದು ಮತ್ತೆ ಹೋಗುತ್ತಲ್ಲ ಅಂತ ಹೆದರಿಕೆ ಮಗೂ. ಅಷ್ಟೇ. ಬೇರೆ ಏನೂ ಇಲ್ಲ."

ಅವಳು ಅದನ್ನೂ ಬರೆದುಕೊಂಡಳು. ಆಮೇಲೆ ಪಂಚರನ್ನು ಕರೆದು, ತಂತಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ತೆಗೆದುಕೊಂಡಳು. ಒಂದು ಸುತ್ತು, ಎರಡು, ಮೂರು. ಬೆರಳು ತಡವರಿಸಿತು.

"ಬಾಲ ಒಳಗೆ ಸೇರಿಸು," ಎಂದರು ಮೇಷ್ಟ್ರು, ಅಭ್ಯಾಸಬಲದಿಂದ. ಹೇಳಿದ ಮೇಲೆ ಏನು ಹೇಳಿದೆನೆಂದು ಅವರಿಗೇ ಹೊಳೆಯಿತು.

ಅವಳು ಸೇರಿಸಿದಳು, ಎಳೆದು ಬಿಗಿದಳು, ಅರಗು ಹಾಕಿ ಮುದ್ರೆಯೊತ್ತಿದಳು. ಯಾರೂ ಮೋಸ ಮಾಡಬಾರದೆಂದು ಅವರೇ ಕಲಿಸಿದ ಗಂಟು. ಇನ್ನು ಅದನ್ನು ಅವರೂ ಬಿಚ್ಚಲಾರರು.

"ಸಾರ್, ಇನ್ನೊಂದು ಮಾತು ಉಳಿದಿದೆ," ಎಂದಳು. "ಗುಂಡಿ ಅಕ್ಕ ನಿಮಗೆ ನಮಸ್ಕಾರ ಹೇಳಿದ್ದಾಳೆ. ಜೀವ ಉಳಿಸಿದ ಪುಣ್ಯಾತ್ಮ ಅಂತ. ಅವಳಿಗೆ ಕೈ ಎತ್ತೋಕಾಗಲ್ಲ, ಅದಕ್ಕೇ ನನ್ನ ಹತ್ರ ಹೇಳಿ ಕಳಿಸಿದ್ದು."

ಎರಡೂ ಕೈ ಜೋಡಿಸಿ, ಅವರ ಮುಂದೆ ಹಿಡಿದಳು.

ಅಷ್ಟು ಹೊತ್ತೂ ನೆಟ್ಟಗೆ ಕೂತಿದ್ದ ಮೇಷ್ಟ್ರ ಬೆನ್ನು ಮೊದಲ ಸಲ ಬಗ್ಗಿತು. ಅವರು ಮೇಜಿನ ಮೇಲೆ ಹಣೆಯಿಟ್ಟು, ಮಕ್ಕಳಂತೆ ಬಿಕ್ಕಿ ಬಿಕ್ಕಿ ಅತ್ತರು. ರೇಡಿಯೊ ಒಂದು ಮಾತೂ ಆಡದೆ ಒಂದು ಲೋಟ ನೀರು ತಂದು ಅವರ ಪಕ್ಕದಲ್ಲಿಟ್ಟು ಹೋದ.